ಹಳೆಯ ಫಿಲ್ಮ್ ತುಣುಕುಗಳಿಂದ ಲೆಸ್ಬಿಯನ್ ಚರಿತ್ರೆಯನ್ನು ಕಟ್ಟುವ ಬಗೆ

ಸಂಗ್ರಹಾಗಾರಗಳ ಕ್ಯಾಟಲಾಗಿನಲ್ಲಿ ‘ಲೆಸ್ಬಿಯನ್’ ಎಂದು ಹುಡುಕಿದರೆ ಸಿಗುವುದು ಅತ್ಯಲ್ಪ. ಹಾಲಿವುಡ್‌ನಲ್ಲಿ 1934ರಿಂದ ಕಟ್ಟುನಿಟ್ಟಾಗಿ ಜಾರಿಯಾದ ಹೇಸ್ ಸಂಹಿತೆಯು (ಚಿತ್ರೋದ್ಯಮವೇ ಹಾಕಿಕೊಂಡ ನೈತಿಕ ನಿಯಮಾವಳಿ) ಸಲಿಂಗಪ್ರೇಮದ ಸುಳಿವನ್ನೂ ತೆರೆಯಿಂದ ದೂರವಿಟ್ಟಿತ್ತು. ಖಾಸಗಿ ಪತ್ರ, ಫೋಟೋಗಳನ್ನು ಮನೆಯವರೇ ನಾಶಮಾಡಿದ್ದೂ ಉಂಟು. ಆದ್ದರಿಂದ ಹುಡುಕಾಟವನ್ನು ಮಹಿಳಾ ಕ್ರೀಡೆ, ಹಾಸ್ಟೆಲ್, ಯುದ್ಧಕಾಲದ ಕಾರ್ಖಾನೆ, ಮನೆಮಂದಿ ತೆಗೆದ ಚಿತ್ರಗಳು ಎಂಬಂಥ ಶೀರ್ಷಿಕೆಗಳಿಂದ ಆರಂಭಿಸಬೇಕು. 1974ರಲ್ಲಿ ನ್ಯೂಯಾರ್ಕಿನಲ್ಲಿ ಸ್ಥಾಪನೆಯಾದ ಲೆಸ್ಬಿಯನ್ ಹರ್‌ಸ್ಟೋರಿ ಆರ್ಕೈವ್ಸ್‌ನಂತೆ ಸಮುದಾಯದವರೇ ನಡೆಸುವ ಸಂಗ್ರಹಗಳಿಗೂ ಪತ್ರ ಬರೆಯಬೇಕು.

ಸಿಕ್ಕ ರೀಲನ್ನು ತಕ್ಷಣ ಪ್ರೊಜೆಕ್ಟರಿಗೆ ಹಾಕಬಾರದು. ವಿನೆಗರ್ ವಾಸನೆ ಬಂದರೆ ಅಸಿಟೇಟ್ ಫಿಲ್ಮ್ ಹಾಳಾಗತೊಡಗಿದೆ ಎಂದರ್ಥ. ಮೊದಲು ಸ್ಕ್ಯಾನ್ ಮಾಡಿಸಬೇಕು. ಸುಲಭವಾಗಿ ಬೆಂಕಿ ಹೊತ್ತುವ ನೈಟ್ರೇಟ್ ಫಿಲ್ಮನ್ನಂತೂ ತಜ್ಞರಿಗೇ ಬಿಡಬೇಕು.

ಮುಂದಿನ ಕೆಲಸವೇ ನಿಜವಾದ ಕೆಲಸ. ಬೆಂಚಿನ ಮೇಲೆ ಕೂತ ಇಬ್ಬರು ಮಹಿಳೆಯರ ಮೂರು ಸೆಕೆಂಡಿನ ದೃಶ್ಯವಿದೆ, ಕ್ಯಾಮೆರಾ ತಿರುಗುತ್ತಿದ್ದಂತೆ ಒಬ್ಬಳು ಕೈಯನ್ನು ಹಿಂದೆಗೆಯುತ್ತಾಳೆ ಎಂದುಕೊಳ್ಳೋಣ. ಸೆಕೆಂಡಿಗೆ 16 ಫ್ರೇಮಿನಂತೆ ಚಿತ್ರೀಕರಿಸಿದ್ದರೆ ನಿಮ್ಮ ಬಳಿ ಇರುವುದು ಕೇವಲ 48 ಫ್ರೇಮುಗಳು. ಅದನ್ನೇ 24ರ ವೇಗದಲ್ಲಿ ಓಡಿಸಿದರೆ ಆ ಹಿಂಜರಿಕೆ ಬರಿಯ ಗಡಿಬಿಡಿಯಾಗಿ ಕಾಣುತ್ತದೆ. ಮೂಲ ವೇಗಕ್ಕೆ ತಂದು, ಆ ಚಲನೆಯನ್ನು ಮತ್ತೆ ಮತ್ತೆ ತೋರಿಸಿ, ಫಿಲ್ಮಿನ ಕಣಗಳು ಒಡೆದು ಕಾಣುವಷ್ಟು ಹಿಗ್ಗಿಸಿ. ಆದರೆ ‘ಇವರು ಪ್ರೇಮಿಗಳು’ ಎಂದು ನಿರೂಪಣೆಯಲ್ಲಿ ಘೋಷಿಸಬೇಡಿ. ಆ ಕೈ ಅಷ್ಟನ್ನು ಸಾಬೀತುಪಡಿಸುವುದಿಲ್ಲ, ಪ್ರಶ್ನೆಯನ್ನಷ್ಟೇ ಎತ್ತುತ್ತದೆ.

ಕೊರತೆಯನ್ನು ಮುಚ್ಚದೆ ಅದಕ್ಕೇ ರೂಪ ಕೊಡುವುದರಲ್ಲಿ ಅಮೆರಿಕದ ಪ್ರಯೋಗಶೀಲ ಚಿತ್ರ ನಿರ್ದೇಶಕಿ ಬಾರ್ಬರಾ ಹ್ಯಾಮರ್ ಪಳಗಿದವರು. 1992ರ ‘ನೈಟ್ರೇಟ್ ಕಿಸಸ್’ನಲ್ಲಿ ಅವರು 1933ರ ಚಿತ್ರವೊಂದರ ಬಳಸದೆ ಉಳಿದ ತುಣುಕುಗಳನ್ನು ಹೊಸದಾಗಿ ಚಿತ್ರಿಸಿದ ಜೋಡಿಗಳ ದೃಶ್ಯಗಳೊಂದಿಗೆ ಹೆಣೆದರು. ನೀವೂ ಹಿರಿಯ ಮಹಿಳೆಯರ ನೆನಪುಗಳನ್ನು ಧ್ವನಿಮುದ್ರಿಸಿ, ಚಿತ್ರವಿಲ್ಲದ ಕಡೆ ಕಪ್ಪು ತೆರೆಯ ಮೇಲೆ ಆ ದನಿಯನ್ನಷ್ಟೇ ಕೇಳಿಸಬಹುದು.

ಇಲ್ಲದ ದಾಖಲೆಯನ್ನು ಕಲ್ಪಿಸುವುದೂ ಒಂದು ದಾರಿಯೇ. 1996ರ ‘ದ ವಾಟರ್‌ಮೆಲನ್ ವುಮನ್’ಗಾಗಿ ಚಿತ್ರದ ನಿರ್ದೇಶಕಿ ಶೆರಿಲ್ ಡುನ್ಯೇ ಕಾಲ್ಪನಿಕ ಕಪ್ಪು ನಟಿಯೊಬ್ಬಳ ಫೋಟೋಗಳನ್ನೂ ಚಿತ್ರತುಣುಕುಗಳನ್ನೂ ಸೃಷ್ಟಿಸಿದರು, ಮತ್ತು ಅದು ಕಲ್ಪನೆಯೆಂದು ಕೊನೆಯಲ್ಲಿ ತೆರೆಯ ಮೇಲೆಯೇ ತಿಳಿಸಿದರು. ಈ ಪ್ರಾಮಾಣಿಕತೆಯಲ್ಲಿ ರಿಯಾಯಿತಿ ಬೇಡ: ಹುಸಿ ದಾಖಲೆ ಒಮ್ಮೆ ನಿಜವೆಂದು ಹರಡಿದರೆ ಅಸಲಿ ದಾಖಲೆಯ ಮೇಲೂ ಅನುಮಾನ ಹುಟ್ಟುತ್ತದೆ.

ಹಕ್ಕುಸ್ವಾಮ್ಯದ ಅನುಮತಿ ಬೇರೆ, ತೆರೆಯ ಮೇಲಿರುವವರ ಒಪ್ಪಿಗೆ ಬೇರೆ. ಬದುಕಿರುವವರಿದ್ದರೆ ಎರಡನ್ನೂ ಬರಹದಲ್ಲಿ ಪಡೆಯಿರಿ. ಸಂಕಲನ ಮುಗಿದ ಬಳಿಕ, ಯಾವ ತುಣುಕು ಎಲ್ಲಿಯದು, ಯಾವುದರ ವೇಗ ಬದಲಾಗಿದೆ ಎಂಬ ಪಟ್ಟಿಯೊಡನೆ ಕತ್ತರಿಸದ ಸ್ಕ್ಯಾನಿನ ಪ್ರತಿಯನ್ನೂ ಸಂಗ್ರಹಾಗಾರಕ್ಕೆ ಒಪ್ಪಿಸಿರಿ.