ಸೈಟು ಕೊಳ್ಳುವ ಮೊದಲು ಮನೆ ಅಳೆಯಿರಿ

ಇರುವ ಮನೆ ಸಾಲುತ್ತಿಲ್ಲ ಅನ್ನಿಸಿದ ಕೂಡಲೇ ಹೆಚ್ಚಿನವರು ಸೈಟು ನೋಡಲು ಹೊರಡುತ್ತಾರೆ. ಒಂದು ಸೈಟು ಮನಸ್ಸಿಗೆ ಹಿಡಿಸುತ್ತದೆ, ಮುಂಗಡವನ್ನೂ ಕೊಟ್ಟಾಗುತ್ತದೆ. ನಕ್ಷೆ ಬರೆಸಲು ಕೂತಾಗಲೇ ಗೊತ್ತಾಗುವುದು, ಬೇಕಾದ ಮೂರು ಮಲಗುವ ಕೋಣೆ ಅಲ್ಲಿ ಕೂರುವುದಿಲ್ಲ, ಕಾರು ನಿಲ್ಲಿಸಿದರೆ ಮೆಟ್ಟಿಲಿಗೆ ಜಾಗವಿಲ್ಲ ಎಂದು. ಅಲ್ಲಿಂದ ಮುಂದೆ ಮನೆಯನ್ನು ಸೈಟಿಗೆ ತಕ್ಕಂತೆ ಮೊಟಕು ಮಾಡುತ್ತಲೇ ಹೋಗಬೇಕು. ಇದನ್ನು ತಪ್ಪಿಸಲು ಕ್ರಮವನ್ನೇ ತಿರುಗಿಸಿ: ಎಷ್ಟು ಜಾಗ ಬೇಕು ಎಂಬುದು ಮೊದಲು, ಯಾವ ಬಗೆಯ ಮನೆ ಎಂಬುದು ಆಮೇಲೆ, ಸೈಟು ಕೊನೆಗೆ.

ಹೆಜ್ಜೆ 1: ಇಕ್ಕಟ್ಟು ಎಲ್ಲಿದೆ ಎಂದು ಬರೆಯಿರಿ

ಒಂದು ಹಾಳೆಯನ್ನು ಗೋಡೆಗೆ ಅಂಟಿಸಿ, ಒಂದು ವಾರ ಮನೆಯವರೆಲ್ಲ ಅದರಲ್ಲಿ ಬರೆಯಲಿ. ಬೆಳಗ್ಗೆ ಬಚ್ಚಲಿಗೆ ಎಷ್ಟು ಜನ ಕಾದರು, ಯಾವ ಸಾಮಾನು ಇಡಲು ಜಾಗವಿಲ್ಲದೆ ನೆಲದ ಮೇಲೆ ಕೂತಿದೆ, ಓದುವವರಿಗೂ ಟಿವಿ ನೋಡುವವರಿಗೂ ಎಲ್ಲಿ ಜಗಳವಾಯಿತು. ದೊಡ್ಡ ಹಾಲ್ ಬೇಕು ಅಂದುಕೊಂಡಿದ್ದವರಿಗೆ ನಿಜವಾಗಿ ಬೇಕಿದ್ದದ್ದು ಇನ್ನೊಂದು ಬಚ್ಚಲು ಮತ್ತು 5×6 ಅಡಿಯ ಒಂದು ಉಗ್ರಾಣ ಎಂದು ಈ ಹಾಳೆಯಿಂದಲೇ ತಿಳಿಯಬಹುದು.

ಮುಂದಿನ ಕೆಲಸ ಅಳತೆ. ಮಲಗುವ ಕೋಣೆಯನ್ನೇ ತೆಗೆದುಕೊಳ್ಳಿ. ಇಬ್ಬರು ಮಲಗುವ ದೊಡ್ಡ ಮಂಚ 6 ಅಡಿ ಅಗಲ, 6½ ಅಡಿ ಉದ್ದ. ಎರಡೂ ಪಕ್ಕದಲ್ಲಿ ಇಳಿದು ಓಡಾಡಲು ತಲಾ 2½ ಅಡಿ ಬಿಟ್ಟರೆ ಅಗಲ 11 ಅಡಿ ಆಯಿತು. ಉದ್ದದಲ್ಲಿ ಮಂಚದ 6½ ಅಡಿ, ಕಾಲಬಳಿ ಓಡಾಡಲು 3 ಅಡಿ, ಬೀರುವಿಗೆ 2 ಅಡಿ, ಒಟ್ಟು 11½. ಅಂದರೆ ಗೋಡೆಯ ಒಳಮೈಯಿಂದ ಒಳಮೈಗೆ 11×11½ ಅಡಿ ಬೇಕು. ನಕ್ಷೆಯಲ್ಲಿ 10×10 ಎಂದಿದ್ದರೆ ಮಂಚದ ಒಂದು ಪಕ್ಕ ಗೋಡೆಗೆ ಅಂಟುತ್ತದೆ, ಇಲ್ಲವೇ ಬೀರುವಿನ ಬಾಗಿಲು ಪೂರ್ತಿ ತೆರೆಯುವುದಿಲ್ಲ. ಪ್ರತಿ ಕೋಣೆಯನ್ನೂ ಹೀಗೆ ಸಾಮಾನಿನಿಂದ ಹೊರಟು ಲೆಕ್ಕ ಹಾಕಿ, ಎಲ್ಲವನ್ನೂ ಕೂಡಿಸಿ. ಗೋಡೆಯ ದಪ್ಪ ಮತ್ತು ಮನೆಯೊಳಗೆ ಓಡಾಡುವ ಓಣಿಗೆಂದು ಮೇಲೆ ಶೇ 25ರಿಂದ 30ರಷ್ಟು ಸೇರಿಸಿ. ಕೋಣೆಗಳೇ 1,000 ಚದರಡಿ ಆದರೆ ಕಟ್ಟಬೇಕಾದ್ದು 1,250ರಿಂದ 1,300.

ಹೆಜ್ಜೆ 2: ಮನೆಯ ಬಗೆ

ಒಂದೇ ಅಂತಸ್ತಿನ ಮನೆ ವಯಸ್ಸಾದವರಿಗೂ ಚಿಕ್ಕ ಮಕ್ಕಳಿಗೂ ಅನುಕೂಲ. ಆದರೆ ಅಷ್ಟೂ ಚದರಡಿಗೆ ಪಾಯ ಬೇಕು, ಅಷ್ಟಕ್ಕೂ ಚಾವಣಿ ಬೇಕು, ಮನೆಯ ಪ್ರತಿ ಕೋಣೆಯೂ ಬಿಸಿಲು ಬೀಳುವ ಚಾವಣಿಯ ಕೆಳಗೇ ಇರುತ್ತದೆ. ಎರಡು ಅಂತಸ್ತಿನಲ್ಲಿ ಪಾಯ ಮತ್ತು ಚಾವಣಿ ಅರ್ಧಕ್ಕಿಳಿದರೂ ಮೆಟ್ಟಿಲು ತನ್ನ ಪಾಲು ಕೇಳುತ್ತದೆ. ಆ ಪಾಲು ಎಷ್ಟು ಎಂಬುದನ್ನು ಬಹಳ ಜನ ಲೆಕ್ಕಕ್ಕೇ ಹಿಡಿಯುವುದಿಲ್ಲ.

ನೆಲದಿಂದ ಮೇಲಿನ ನೆಲಕ್ಕೆ 10½ ಅಡಿ, ಅಂದರೆ 126 ಇಂಚು. ಒಂದು ಮೆಟ್ಟಿಲ ಎತ್ತರ 7 ಇಂಚು ಎಂದರೆ 18 ಏರು. ಮಧ್ಯೆ ತಿರುಗುವ ಮೆಟ್ಟಿಲಾದರೆ ಒಂದೊಂದು ಸಾಲಿಗೆ 9 ಏರು, 8 ತುಳಿ (ಪಾದ ಇಡುವ ಜಾಗ). ತುಳಿ 10 ಇಂಚಿನಂತೆ 6 ಅಡಿ 8 ಇಂಚು. ತಿರುವಿನ ಕಟ್ಟೆಗೆ 3 ಅಡಿ, ಹತ್ತುವ ಮುನ್ನ ನಿಲ್ಲಲು 3 ಅಡಿ. ಒಟ್ಟು ಉದ್ದ 12 ಅಡಿ 8 ಇಂಚು, ಅಗಲ 6½ ಅಡಿ. ಅಲ್ಲಿಗೆ ಒಂದು ಅಂತಸ್ತಿಗೆ 82 ಚದರಡಿ, ಎರಡಕ್ಕೆ ಸುಮಾರು 165. ಒಟ್ಟು 1,600 ಚದರಡಿಯ ಮನೆಯಲ್ಲಿ ಹತ್ತರಲ್ಲಿ ಒಂದು ಪಾಲು ಮೆಟ್ಟಿಲಿಗೇ ಹೋಯಿತು. ಜಾಗ ಉಳಿಸಲು ಏರನ್ನು 8 ಇಂಚು ಮಾಡಿ, ತುಳಿಯನ್ನು 9 ಇಂಚಿಗೆ ಇಳಿಸಿ ಕಟ್ಟುವವರಿದ್ದಾರೆ. ದಯವಿಟ್ಟು ಒಪ್ಪಬೇಡಿ. ಇಳಿಯುವಾಗ ಹಿಮ್ಮಡಿ ತಾಗಿ ಬೀಳುವುದು ಇಂಥ ಮೆಟ್ಟಿಲುಗಳಲ್ಲೇ.

ಎರಡು ಅಂತಸ್ತಾದರೆ ಇನ್ನೂ ಮೂರು ಮಾತು. ಮೇಲಿನ ಬಚ್ಚಲು ಕೆಳಗಿನ ಬಚ್ಚಲ ನೇರಕ್ಕೇ ಬರಲಿ. ಹಾಲ್ ಅಥವಾ ಮಂಚದ ಮೇಲೆ ಬಂದರೆ ಮುಂದೊಂದು ದಿನ ಸೋರಿದಾಗ ನೀರು ಅಲ್ಲಿಗೇ ಇಳಿಯುತ್ತದೆ. ಕೆಳಗೆ ಒಂದು ಮಲಗುವ ಕೋಣೆ ಮತ್ತು ಬಚ್ಚಲು ಇರಲೇಬೇಕು, ಅವುಗಳ ಬಾಗಿಲು 3 ಅಡಿ ಅಗಲವಿರಲಿ. ಮುಂದೆ ಮತ್ತೊಂದು ಅಂತಸ್ತು ಏರಿಸುವ ಆಸೆಯಿದ್ದರೆ ಅದರ ಭಾರಕ್ಕೂ ಸೇರಿಸಿ ಪಾಯ ಮತ್ತು ಕಂಬಗಳನ್ನು ಈಗಲೇ ಲೆಕ್ಕ ಹಾಕಿಸಿ. ಕಟ್ಟಿಯಾದ ಮೇಲೆ ಪಾಯ ಬಲಪಡಿಸುವುದು ತುಂಬಾ ದುಬಾರಿ ಕೆಲಸ.

ಪಕ್ಕದ ಮನೆಯೊಂದಿಗೆ ಗೋಡೆ ಹಂಚಿಕೊಳ್ಳುವ ಸಾಲುಮನೆಗೆ ಬೆಳಕು ಮುಂದಿನಿಂದ ಮತ್ತು ಹಿಂದಿನಿಂದ ಮಾತ್ರ. ಕಿಟಕಿಯ ಮೇಲಂಚಿನ ಎತ್ತರದ ಎರಡು, ಎರಡೂವರೆ ಪಟ್ಟು ದೂರಕ್ಕಷ್ಟೇ ಹಗಲ ಬೆಳಕು ಚೆನ್ನಾಗಿ ತಲುಪುತ್ತದೆ. ಮೇಲಂಚು ನೆಲದಿಂದ 7 ಅಡಿ ಎತ್ತರದಲ್ಲಿರುವ ಕಿಟಕಿಗೆ ಅದು 14ರಿಂದ 17½ ಅಡಿ. ಹಾಗಾಗಿ 35 ಅಡಿಗಿಂತ ಆಳದ ಸಾಲುಮನೆಗೆ ನಡುವೆ ಒಳಅಂಗಳವೋ ಬೆಳಕಿಂಡಿಯೋ ಬೇಕು. ಇಲ್ಲವಾದರೆ ಮಧ್ಯದ ಕೋಣೆಯಲ್ಲಿ ಹಗಲಲ್ಲೂ ದೀಪ ಹಾಕಬೇಕಾಗುತ್ತದೆ.

ಹೆಜ್ಜೆ 3: ಸೈಟಿನ ಆಕಾರ

ಸೈಟಿನ ಚದರಡಿ ಕೇಳಿ ಖುಷಿಪಡುವ ಮುನ್ನ ಸೆಟ್‌ಬ್ಯಾಕ್, ಅಂದರೆ ಮನೆಯ ಸುತ್ತ ಕಟ್ಟದೆ ಬಿಡಬೇಕಾದ ಜಾಗ, ಕಳೆಯಿರಿ. ಎಷ್ಟು ಬಿಡಬೇಕು ಎಂಬುದು ಆಯಾ ಊರಿನ ಕಟ್ಟಡ ನಿಯಮದಂತೆ. ಉದಾಹರಣೆಗೆ ಮುಂದೆ 5 ಅಡಿ, ಉಳಿದ ಮೂರು ಕಡೆ 3 ಅಡಿ ಅಂದುಕೊಳ್ಳಿ. 30×40 ಸೈಟಿನಲ್ಲಿ ಕಟ್ಟಲು ಸಿಗುವುದು 24×32, ಅಂದರೆ 768 ಚದರಡಿ. ಅದೇ 1,200 ಚದರಡಿ 20×60 ಆಗಿದ್ದರೆ 14×52, ಅಂದರೆ 728. ವ್ಯತ್ಯಾಸ ಬರೀ 40 ಚದರಡಿ ಅನ್ನಿಸುತ್ತದೆ. ಆದರೆ ಆ 14 ಅಡಿಯಲ್ಲಿ ಎರಡು ಹೊರಗೋಡೆಗೆ 1½ ಅಡಿ ಹೋಗಿ 12½ ಉಳಿಯುತ್ತದೆ. ಪಕ್ಕದಲ್ಲಿ 3 ಅಡಿ ಓಣಿ ಮತ್ತು ಅದರ ಗೋಡೆ ಕಳೆದರೆ ಕೋಣೆಗೆ ಸಿಗುವುದು 9 ಅಡಿ. ನಾವು ಲೆಕ್ಕ ಹಾಕಿದ 11 ಅಡಿಯ ಮಲಗುವ ಕೋಣೆ ಇಲ್ಲಿ ಕೂರದು. ಓಣಿ ಬೇಡವೆಂದರೆ ಒಂದು ಕೋಣೆಯ ಮೂಲಕವೇ ಇನ್ನೊಂದಕ್ಕೆ ಹೋಗಬೇಕು. ಮೂಲೆ ಸೈಟಿಗೆ ಎರಡು ಕಡೆಯ ಬೆಳಕು ಸಿಗುತ್ತದೆ, ನಿಜ. ಆದರೆ ಎರಡೂ ರಸ್ತೆಯ ಕಡೆ ಹೆಚ್ಚು ಜಾಗ ಬಿಡಬೇಕೇ ಎಂದು ಮೊದಲೇ ವಿಚಾರಿಸಿ. ಕಾರಿಗೆ 9×18 ಅಡಿ ತೆಗೆದಿಡಿ. ಇಕ್ಕಟ್ಟಾದರೆ 8×16, ಅದಕ್ಕಿಂತ ಕಡಿಮೆಯಾದರೆ ಬಾಗಿಲು ತೆರೆದು ಇಳಿಯಲಾಗದು.

ಹೆಜ್ಜೆ 4: ಸೈಟಿನಲ್ಲಿ ನಿಂತು ನೋಡಬೇಕಾದ್ದು

ಮೊದಲ ಭೇಟಿ ಬಿಸಿಲಲ್ಲಿ ಆಗಿದ್ದರೆ ಎರಡನೆಯದು ಜೋರು ಮಳೆಯ ಮರುದಿನ ಇರಲಿ. ನೀರು ಎಲ್ಲಿ ನಿಂತಿದೆ, ಯಾರ ಕಡೆಯಿಂದ ಹರಿದು ಬಂದಿದೆ ಎಂಬುದು ಕಣ್ಣಿಗೇ ಕಾಣುತ್ತದೆ. ಅಕ್ಕಪಕ್ಕದ ಕಾಂಪೌಂಡ್ ಗೋಡೆಗಳನ್ನೂ ನೋಡಿ. ಒಂದೇ ಎತ್ತರದಲ್ಲಿ ಓಡುವ ಕಂದು ಗೆರೆ ಇದ್ದರೆ ಅಲ್ಲಿವರೆಗೆ ನೀರು ನಿಂತಿತ್ತು ಎಂದರ್ಥ. ಕಿಟಕಿಯ ಮೂಲೆಯಿಂದ ಓರೆಯಾಗಿ ಸೀಳಿದ ಬಿರುಕುಗಳು ಮನೆ ಮನೆಯಲ್ಲೂ ಕಂಡರೆ ತೊಂದರೆ ಮಣ್ಣಿನಲ್ಲಿರಬಹುದು.

ಮಟ್ಟ ನೋಡಲು ಪಾರದರ್ಶಕ ಪೈಪು, ನೀರು ಮತ್ತು ಇಬ್ಬರು ಜನ ಸಾಕು. ಪೈಪಿನಲ್ಲಿ ಗಾಳಿಗುಳ್ಳೆ ಉಳಿಯದಂತೆ ನೀರು ತುಂಬಿ. ಒಂದು ಗುಳ್ಳೆ ಉಳಿದರೂ ಅಳತೆ ತಪ್ಪುತ್ತದೆ. ಒಬ್ಬರು ಪೈಪಿನ ಒಂದು ತುದಿಯನ್ನು ರಸ್ತೆಯ ಬದಿಯಲ್ಲಿ, ಇನ್ನೊಬ್ಬರು ಮತ್ತೊಂದನ್ನು ಸೈಟಿನ ಹಿಂದೆ ಎತ್ತಿ ಹಿಡಿಯಲಿ. ಎರಡೂ ತುದಿಯಲ್ಲಿ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ, ಅಲ್ಲಿಂದ ನೆಲಕ್ಕೆ ಅಳೆಯಿರಿ. ರಸ್ತೆಯ ಬದಿಯಲ್ಲಿ ನೀರಿನ ಮಟ್ಟ ನೆಲದಿಂದ 3 ಅಡಿ, 40 ಅಡಿ ಹಿಂದೆ 5 ಅಡಿ ಬಂದರೆ ಸೈಟು ಹಿಂದಕ್ಕೆ 2 ಅಡಿ ಇಳಿದಿದೆ. ಹಿಂದಕ್ಕೆ ಇಳಿದ ಸೈಟಿನ ಕಷ್ಟ ಇಷ್ಟು: ಕೊಳಚೆ ಪೈಪು ರಸ್ತೆಯ ಮೋರಿಯ ಕಡೆಗೆ ಇಳಿಯಬೇಕು, 60 ಅಡಿಗೆ 1 ಅಡಿಯ ಹಾಗೆ. ನೆಲ ಅದಕ್ಕೆ ಎದುರಾಗಿ ಇಳಿದರೆ ಮನೆಯನ್ನೇ ಎತ್ತರಿಸಬೇಕು. 24×32 ಅಡಿ ಜಾಗವನ್ನು 2 ಅಡಿ ಏರಿಸಲು 1,536 ಘನ ಅಡಿ ಮಣ್ಣು ಬೇಕು. ದಿಮ್ಮಸು ಹಾಕಿದಾಗ, ಅಂದರೆ ಬಡಿದು ಗಟ್ಟಿ ಮಾಡಿದಾಗ, ಕುಗ್ಗುವುದರಿಂದ ತರಿಸುವುದು ಅದಕ್ಕಿಂತ ಹೆಚ್ಚೇ. ಅದನ್ನು 6ರಿಂದ 9 ಇಂಚಿನ ಪದರವಾಗಿ ಹರಡಿ, ನೀರು ಹಾಕಿ, ದಿಮ್ಮಸು ಹೊಡೆಯಬೇಕು. ಒಂದೇ ಸಲ ಸುರಿದರೆ ಒಂದೆರಡು ಮಳೆಗಾಲದಲ್ಲಿ ನೆಲ ಕುಸಿದು ಟೈಲ್ಸ್ ಟೊಳ್ಳಾಗುತ್ತದೆ. ಮನೆಯ ನೆಲ ರಸ್ತೆಗಿಂತ ಕನಿಷ್ಠ 1½ ಅಡಿ ಮೇಲಿರಲಿ, ಏಕೆಂದರೆ ಪ್ರತಿ ಸಲ ಡಾಂಬರು ಹಾಕಿದಾಗಲೂ ರಸ್ತೆ ಏರುತ್ತದೆ.

ಮಣ್ಣು ನೋಡದೆ ಸೈಟು ಕೊಳ್ಳಲೇಬೇಡಿ. ಮಾಲೀಕರ ಒಪ್ಪಿಗೆ ಪಡೆದು ಮನೆ ಬರುವ ಜಾಗದಲ್ಲಿ 3 ಅಡಿ ಚೌಕದ, 4 ಅಡಿ ಆಳದ ಗುಂಡಿ ತೆಗೆಸಿ. ಬದಿಯಲ್ಲಿ ಇಟ್ಟಿಗೆ ಚೂರು, ಪ್ಲಾಸ್ಟಿಕ್, ಸಿಮೆಂಟಿನ ಹೆಂಟೆ ಕಂಡರೆ ಅದು ತಂದು ತುಂಬಿದ ಮಣ್ಣು. ಪಾಯ ಅದನ್ನು ದಾಟಿ ಮೂಲ ನೆಲ ಮುಟ್ಟಬೇಕು. ತಳದ ಮಣ್ಣಿನ ಒಂದು ಹಿಡಿಯನ್ನು ಒದ್ದೆ ಮಾಡಿ ಅಂಗೈಯಲ್ಲಿ ಹೊಸೆಯಿರಿ. ಪೆನ್ಸಿಲಿಗಿಂತ ತೆಳ್ಳಗೆ ಹೊಸೆದು ಬಳೆಯಂತೆ ಬಾಗಿಸಿದರೂ ಸೀಳದಿದ್ದರೆ ಜೇಡಿ ಹೆಚ್ಚಿದೆ. ಎರೆಮಣ್ಣೂ ಇದೇ ಜಾತಿಯದು: ಮಳೆಯಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗುತ್ತದೆ, ಮಾಮೂಲು ಪಾಯವನ್ನು ಎತ್ತಿ ಇಳಿಸುತ್ತದೆ. ಇಂಥ ಕಡೆ ಮಣ್ಣು ಪರೀಕ್ಷೆ ಮಾಡಿಸಿ, ಎಂಜಿನಿಯರ್ ಹೇಳಿದ ಪಾಯದ ಖರ್ಚನ್ನೂ ಸೇರಿಸಿ ಸೈಟಿನ ಬೆಲೆ ಹೋಲಿಸಿ. ಗುಂಡಿಯ ಮೇಲೆ ಹಲಗೆ ಮುಚ್ಚಿ ಒಂದು ದಿನ ಬಿಡಿ. ಮರುದಿನ ಬದಿಯಿಂದ ನೀರು ಒಸರಿದ್ದರೆ ನೆಲಮಾಳಿಗೆಯ ಯೋಚನೆ ಬಿಡಿ. ಕೆಲಸವಾದ ಮೇಲೆ ಗುಂಡಿ ಮುಚ್ಚಿಸಲು ಮರೆಯಬೇಡಿ.

ಬಿಸಿಲಿನ ವಿಷಯದಲ್ಲಿ ಒಂದೇ ಎಚ್ಚರಿಕೆ. ನೆತ್ತಿಯ ಬಿಸಿಲನ್ನು ಕಿಟಕಿಯ ಮೇಲಿನ ಸಜ್ಜಾ ತಡೆಯುತ್ತದೆ, ಸಂಜೆಯ ಓರೆ ಬಿಸಿಲನ್ನು ತಡೆಯುವುದಿಲ್ಲ. ಸೆಕೆಯ ಊರಾದರೆ ಪಶ್ಚಿಮದ ಗೋಡೆಗೆ ಮಲಗುವ ಕೋಣೆ ಬರುವ ಸೈಟು ಬೇಡ, ಅಲ್ಲಿ ಮೆಟ್ಟಿಲು, ಬಚ್ಚಲು, ಉಗ್ರಾಣ ಬರಲಿ.

ಹೆಜ್ಜೆ 5: ಬಾಕಿ ಹಣ ಕೊಡುವ ಮುನ್ನ

ಹಕ್ಕುಪತ್ರಗಳನ್ನು ವಕೀಲರಿಗೆ ತೋರಿಸುವುದು ಗೊತ್ತಿದ್ದದ್ದೇ. ಅವರ ಬಳಿ ಈ ಎರಡನ್ನು ಬಿಡಿಸಿ ಕೇಳಿ: ಈ ಜಾಗದಲ್ಲಿ ವಾಸದ ಮನೆಗೆ ಅನುಮತಿ ಇದೆಯೇ, ಸೈಟಿನ ಮೇಲೆ ಹಾದು ಹೋಗುವ ವಿದ್ಯುತ್ ತಂತಿ, ಪೈಪು ಅಥವಾ ಬೇರೆಯವರ ದಾರಿಯ ಹಕ್ಕು ಇದೆಯೇ.

ಆಮೇಲೆ ಟೇಪು ಮತ್ತು ಸುಣ್ಣದ ಪುಡಿ ಹಿಡಿದು ಸೈಟಿಗೆ ಹೋಗಿ. ಮನೆಯ ಹೊರಗೆರೆ, ಮೆಟ್ಟಿಲು, ಮಂಚ, ಕಾರು ಎಲ್ಲವನ್ನೂ ನಿಜ ಅಳತೆಯಲ್ಲಿ ನೆಲದ ಮೇಲೆ ಗೆರೆ ಎಳೆದು, ಒಳಗೆ ನಡೆದಾಡಿ. ಕೊನೆಗೆ ಕರ್ಣ ಅಳೆಯಿರಿ. 30×40 ಸೈಟು ಸರಿಯಾದ ಮಟ್ಟಮೂಲೆಯಲ್ಲಿದ್ದರೆ ಎರಡೂ ಕರ್ಣ ಸರಿಯಾಗಿ 50 ಅಡಿ ಬರಬೇಕು. ನಾಲ್ಕೂ ಬದಿ ಸರಿಯಿದ್ದು ಒಂದು ಕರ್ಣ 51, ಇನ್ನೊಂದು 49 ಬಂದರೆ ಸೈಟು ಓರೆಯಾಗಿದೆ, ಮೂಲೆಕಲ್ಲು ಒಂದು ಅಡಿಗಿಂತ ಹೆಚ್ಚು ಜರುಗಿದೆ. ಆಗ ಮಾರುವವರ ಎದುರಿನಲ್ಲೇ ಸರ್ವೆ ಮಾಡಿಸಿ, ಕಲ್ಲು ಸರಿಯಾದ ಜಾಗಕ್ಕೆ ಬಂದ ಮೇಲೆ ಬಾಕಿ ಹಣ ಕೊಡಿ.