1963ರ ಬೀಟಲ್‌ಗೆ 130 ಹಲ್ಲಿನ ಫ್ಲೈವೀಲ್ ಕೂರಿಸಿದ್ದು: ನನ್ನ ಅನುಭವ

ನನ್ನ 1963ರ ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನ ಆರು ವೋಲ್ಟ್ ಕಾಲದ ಹಳೇ ಗೇರ್‌ಬಾಕ್ಸ್‌ಗೆ 1600 ಸಿಸಿ ಎಂಜಿನ್ ಸೇರಿಸಿ, ಕೊನೆಗೆ ಆ ಎಂಜಿನ್ನಿನ ಜೊತೆ ಬಂದ ಫ್ಲೈವೀಲನ್ನೇ (ಸ್ಟಾರ್ಟರ್ ಮೋಟಾರ್ ತಿರುಗಿಸುವ ಹಲ್ಲಿನ ಚಕ್ರ) ಕೂರಿಸಿ ಒಂದೂವರೆ ವರ್ಷ ಆಗುತ್ತಾ ಬಂತು. ಕೀ ತಿರುಗಿಸಿದ ತಕ್ಷಣ ಹಿಡಿಯುತ್ತದೆ. ಬೆಂಗಳೂರಿನಲ್ಲಿ ಕೇಳಿದಲ್ಲೆಲ್ಲ 'ಆಗಲ್ಲ ಸಾರ್, ಹೌಸಿಂಗ್ ಹಾಳು ಮಾಡ್ಕೋತೀರ' ಅಂದಿದ್ದರು (ಹೌಸಿಂಗ್, ಅಂದರೆ ಬೆಲ್ ಹೌಸಿಂಗ್: ಫ್ಲೈವೀಲನ್ನು ಸುತ್ತುವರಿಯುವ ಗೇರ್‌ಬಾಕ್ಸ್‌ನ ಕವಚ). ಅದಕ್ಕೇ ಬರೆದಿಡುತ್ತಿದ್ದೇನೆ.

ಬೀಟಲ್ ಇಟ್ಟುಕೊಂಡವರಿಗೆ ಲೆಕ್ಕ ಗೊತ್ತೇ ಇದೆ. ಆರು ವೋಲ್ಟಿನ ಕಾಲದ ಫ್ಲೈವೀಲ್‌ಗೆ 109 ಹಲ್ಲು, 1967ರ ಮಾಡೆಲ್‌ನಿಂದ ಬಂದ ಹನ್ನೆರಡು ವೋಲ್ಟಿನದಕ್ಕೆ 130. ದೊಡ್ಡದು ಹಳೇ ಬೆಲ್ ಹೌಸಿಂಗ್‌ನ ಒಳಗೋಡೆಗೆ ತಾಗುತ್ತದೆ. ಎಲ್ಲರೂ ಕೊಟ್ಟ ಸಲಹೆ ಒಂದೇ: 1600ಕ್ಕೂ 109 ಹಲ್ಲಿನದನ್ನೇ ಹಾಕಿ, ಆರು ವೋಲ್ಟ್ ಸ್ಟಾರ್ಟರ್‌ಗೆ ಹನ್ನೆರಡು ವೋಲ್ಟ್ ಕೊಡಿ, ಓಡುತ್ತೆ.

ಓಡುತ್ತದೆ, ನಿಜ. ಮೊದಲು ಹಾಗೇ ಓಡಿಸಿದ್ದೆ. ಆದರೆ ಸ್ಟಾರ್ಟರ್ ಮೇಲಿನ ಸೊಲೆನಾಯ್ಡ್ (ವಿದ್ಯುತ್ಕಾಂತದ ಸ್ವಿಚ್) ಪಿನಿಯನ್ನನ್ನು (ಫ್ಲೈವೀಲ್ ಹಲ್ಲಿಗೆ ಕಚ್ಚುವ ಚಿಕ್ಕ ಗೇರ್) ಸುತ್ತಿಗೆಯಲ್ಲಿ ಹೊಡೆದ ಹಾಗೆ ಒಳಗೆ ನೂಕುತ್ತದೆ. ಕೆಲವೇ ತಿಂಗಳಲ್ಲಿ ಒಮ್ಮೆ ಹಿಡಿದು ಒಮ್ಮೆ ಗರ್ ಅನ್ನಲು ಶುರುವಾಯಿತು. ಎಂಜಿನ್ ಇಳಿಸಿ ನೋಡಿದರೆ ಹಲ್ಲು ಸವೆದದ್ದು ಸುತ್ತಲೂ ಅಲ್ಲ, ಎದುರುಬದುರು ಎರಡೇ ಕಡೆ. ಮಿಕ್ಕ ಹಲ್ಲುಗಳು ಹೊಸದರ ಹಾಗೇ ಇದ್ದವು. ನಾಲ್ಕು ಸಿಲಿಂಡರ್ ಎಂಜಿನ್ ಆಫ್ ಆಗುವಾಗ ಕಂಪ್ರೆಷನ್‌ನಿಂದಾಗಿ ಹೆಚ್ಚುಕಡಿಮೆ ಅದೇ ಎರಡು ಜಾಗದಲ್ಲಿ ನಿಲ್ಲುತ್ತದೆ. ಹಾಗಾಗಿ ಪ್ರತಿ ಸಲ ಏಟು ಬೀಳುವುದೂ ಅವೇ ಹಲ್ಲುಗಳ ಮೇಲೆ. ಮೇಲಿಂದ 109ರ ಜೊತೆಗಿನ 180 ಎಂಎಂ ಕ್ಲಚ್ 1600ರ ಎಳೆತ ತಾಳದೆ ನಂದಿ ಬೆಟ್ಟದ ತಿರುವುಗಳಲ್ಲಿ ಸ್ಲಿಪ್ ಹೊಡೆಯುತ್ತಿತ್ತು. ಒಳ್ಳೆಯ 109 ಇನ್ನೊಂದು ಬೇಕೆಂದರೆ ಹೊರದೇಶದಿಂದ ತರಿಸಬೇಕು. ಸಾಗಣೆ, ಕಸ್ಟಮ್ಸ್ ಸೇರಿ ಮೂವತ್ತು ಸಾವಿರ ದಾಟುತ್ತಿತ್ತು. ಅಷ್ಟು ಸುರಿದು ಅದೇ ರೋಗ ಮತ್ತೆ ತರಿಸಿಕೊಳ್ಳುವ ಮನಸ್ಸಾಗಲಿಲ್ಲ.

ಹೌಸಿಂಗ್ ತೇಯುವುದೆಂದು ನಿಶ್ಚಯಿಸಿದೆ. ಎಲ್ಲಿ ತೇಯಬೇಕು ಎಂದು ಅಂದಾಜಿನಲ್ಲಿ ಹೋಗಬೇಡಿ. ಕುಂಕುಮವನ್ನು ಎಂಜಿನ್ ಆಯಿಲ್‌ನಲ್ಲಿ ಕಲಸಿ ಫ್ಲೈವೀಲ್ ಅಂಚಿಗೆ ತೆಳ್ಳಗೆ ಸವರಿದೆ. ಕ್ಲಚ್ ಇಲ್ಲದೆ ಬರೀ ಎಂಜಿನ್ ಕೂರಿಸಿ ಬೋಲ್ಟನ್ನು ಹಗುರಾಗಿ ಹಿಡಿಸಿ, ಪುಲ್ಲಿ ಹಿಡಿದು ಕೈಯಲ್ಲಿ ತಿರುಗಿಸಿದೆ. ಇಳಿಸಿ ಟಾರ್ಚ್ ಬಿಟ್ಟರೆ ತಾಗಿದ ಜಾಗದಲ್ಲಿ ಕೆಂಪು ಗೀರು ಸ್ಪಷ್ಟವಾಗಿ ಮೂಡಿತ್ತು. ಅಷ್ಟೇ ತೇಯುವುದು, ಮತ್ತೆ ಕೂರಿಸಿ ನೋಡುವುದು. ನನ್ನ ಗೇರ್‌ಬಾಕ್ಸ್‌ನಲ್ಲಿ ಎರಡು ಕಡೆ, ಆಳ ಹೆಚ್ಚೆಂದರೆ ಮೂರು ಎಂಎಂ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಈ ಹೌಸಿಂಗ್ ಅಲ್ಯೂಮಿನಿಯಂ ಅಲ್ಲ, ಮೆಗ್ನೀಸಿಯಂ ಮಿಶ್ರಲೋಹ. ಅದರ ಪುಡಿಗೆ ಕಿಡಿ ತಾಗಿದರೆ ಉರಿಯುತ್ತದೆ, ನೀರು ಹಾಕಿದರೆ ಇನ್ನೂ ಭುಗಿಲೇಳುತ್ತದೆ. ಗ್ರೈಂಡರ್ ಮುಟ್ಟಲೇ ಇಲ್ಲ, ಪೂರ್ತಿ ಕೈ ಅರದಲ್ಲೇ ಮುಗಿಸಿದೆ. ಪಕ್ಕದಲ್ಲಿ ಒಣ ಮರಳಿನ ಬಕೆಟ್ ಇಟ್ಟಿದ್ದೆ, ಇನ್‌ಪುಟ್ ಶಾಫ್ಟ್ ಸೀಲ್‌ಗೆ ಗ್ರೀಸ್ ಮೆತ್ತಿ ಬಟ್ಟೆ ಸುತ್ತಿದ್ದೆ, ಪುಡಿಯನ್ನೆಲ್ಲ ಆಗಾಗ ಹೊರಗೆ ಹಾಕುತ್ತಿದ್ದೆ.

ಇನ್ನು ಸ್ಟಾರ್ಟರ್. ಶಿವಾಜಿನಗರದ ಗುಜರಿಯಲ್ಲಿ ಹನ್ನೆರಡು ವೋಲ್ಟಿನ ಬಾಷ್ ಸ್ಟಾರ್ಟರ್ ನಾಲ್ಕೂವರೆ ಸಾವಿರಕ್ಕೆ ಸಿಕ್ಕಿತು. ಬ್ರಷ್, ಡ್ರೈವ್ ಬದಲಾಯಿಸಲು ಇನ್ನೆರಡು ಸಾವಿರ. ಬೋಲ್ಟ್ ಸರಿಯಾಗಿ ಕೂರುತ್ತದೆ, ಶಾಫ್ಟ್ ತುದಿ ಮಾತ್ರ ಕೂರಲ್ಲ: ಹಳೇ ಸ್ಟಾರ್ಟರ್ ಶಾಫ್ಟ್ 12.5 ಎಂಎಂ, ಹೊಸತು 10.9. ಹೌಸಿಂಗ್‌ನಲ್ಲಿರುವ ಹಳೇ ಬುಷ್‌ನಲ್ಲೇ (ಶಾಫ್ಟ್ ತುದಿಗೆ ಆಧಾರ ಕೊಡುವ ಲೋಹದ ಬಳೆ) ಬಿಟ್ಟರೆ ಶಾಫ್ಟ್ ಅಲ್ಲಾಡಿ ಆರ್ಮೇಚರ್ (ಸ್ಟಾರ್ಟರ್‌ನಲ್ಲಿ ತಿರುಗುವ ಭಾಗ) ಒಳಗೆ ಉಜ್ಜುತ್ತದೆ. ಲೇತ್‌ನಲ್ಲಿ ಗನ್‌ಮೆಟಲ್ ಬುಷ್ ಮಾಡಿಸಿದೆ. ಮೊದಲನೆಯದು ತಣ್ಣಗಿದ್ದಾಗ ಸರಿ, ಎಂಜಿನ್ ಕಾದ ಮೇಲೆ ಬಿಗಿ. ಟರ್ನರ್ ಜೊತೆ ಅರ್ಧ ದಿನ ಕೂತು ಇನ್ನೊಂದು ಮಾಡಿಸಿದೆ. ಬುಷ್‌ಗೂ ಶಾಫ್ಟ್‌ಗೂ ನಡುವೆ ಬಿಟ್ಟ ಗ್ಯಾಪ್ ಎಷ್ಟು ಅನ್ನುವುದನ್ನೂ, ಎಂಜಿನ್ ಇಳಿಸದೆ ಹಳೇ ಬುಷ್ ಎಳೆಯುವ ಉಪಾಯವನ್ನೂ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ. ಬುಷ್ ಬೇಡವೇ ಬೇಡ ಎನ್ನುವವರಿಗೆ ಆಟೋಸ್ಟಿಕ್ (ಕ್ಲಚ್ ಪೆಡಲ್ ಇಲ್ಲದ) ಬೀಟಲ್‌ನ ಸ್ಟಾರ್ಟರ್ ಇದೆ. ಅದರ ಮೂತಿಯಲ್ಲೇ ಶಾಫ್ಟ್‌ಗೆ ಆಧಾರವಿರುತ್ತದೆ. ಗೇರ್ ರಿಡಕ್ಷನ್ ಸ್ಟಾರ್ಟರ್ (ಒಳಗಿನ ಗೇರ್‌ನಿಂದ ತಿರುಗುಬಲ ಹೆಚ್ಚಿಸಿದ್ದು) ಕೂಡ ಸ್ನೇಹಿತನ ಕಾರಿನಿಂದ ಬಿಚ್ಚಿ ಹಾಕಿ ನೋಡಿದೆ, ಚೆನ್ನಾಗಿ ತಿರುಗಿಸುತ್ತದೆ, ಆದರೆ ಹದಿನೆಂಟು ಸಾವಿರ ಕೊಡುವಷ್ಟು ವ್ಯತ್ಯಾಸ ನನಗೆ ಕಾಣಲಿಲ್ಲ.

ಕ್ಲಚ್ 200 ಎಂಎಂ, ಸೆಟ್ ಒಂಬತ್ತು ಸಾವಿರದ ಸುಮಾರು. ನಮ್ಮದು ಹಳೇ ಗೇರ್‌ಬಾಕ್ಸ್, ರಿಲೀಸ್ ಬೇರಿಂಗ್ (ಪೆಡಲ್ ತುಳಿದಾಗ ಕ್ಲಚ್ ಬಿಡಿಸುವುದು) ಕೂಡ ಹಳೇ ನಮೂನೆ. ಪ್ರೆಷರ್ ಪ್ಲೇಟ್ (ಕ್ಲಚ್ ಡಿಸ್ಕನ್ನು ಒತ್ತಿ ಹಿಡಿಯುವುದು) ನಡುವೆ ರಿಂಗ್ ಇರುವುದನ್ನೇ ಕೇಳಿ ತೆಗೆದುಕೊಳ್ಳಿ. ಅಂಗಡಿಯವರು ರಿಂಗ್ ಇಲ್ಲದ್ದನ್ನು ಕೊಟ್ಟು ಕಳಿಸಿದ್ದರು, ಕೈಗೆ ಬಂದ ಕೂಡಲೇ ವಾಪಸ್ ಮಾಡಿದೆ. ಶಿಮ್ (ತೆಳು ಲೋಹದ ಬಳೆ) ಮೂರು ಹಾಕಿ ಎಂಡ್ ಪ್ಲೇ (ಕ್ರ್ಯಾಂಕ್‌ಶಾಫ್ಟ್ ಹಿಂದೆ-ಮುಂದೆ ಆಡುವ ಸಡಿಲ) 0.10 ಎಂಎಂ ಆಸುಪಾಸು ನಿಲ್ಲಿಸಿದೆ. ಫ್ಲೈವೀಲನ್ನು ಹಿಡಿಸುವ ಗ್ಲ್ಯಾಂಡ್ ನಟ್‌ಗೆ 30 ಕೆಜಿ-ಮೀಟರ್ ಬಿಗಿ ಬೇಕು, ಉದ್ದನೆ ಪೈಪ್ ಮತ್ತು ಫ್ಲೈವೀಲ್ ಹಿಡಿಯಲು ಇನ್ನೊಬ್ಬರು ಇಲ್ಲದೆ ಆಗಲ್ಲ. ಎಲ್ಲ ಸೇರಿ ಹತ್ತೊಂಬತ್ತು-ಇಪ್ಪತ್ತು ಸಾವಿರದಲ್ಲಿ ಮುಗಿಯಿತು. ಹೌಸಿಂಗ್‌ನಲ್ಲಿ ಇವತ್ತಿನವರೆಗೂ ಒಂದು ಬಿರುಕಿಲ್ಲ.

ಇಷ್ಟಾದ ಮೇಲೂ ಬಿಸಿಲಲ್ಲಿ ಓಡಿಸಿ ನಿಲ್ಲಿಸಿದರೆ ಬರೀ 'ಟಕ್' ಅನ್ನುತ್ತಿತ್ತು. ಸ್ಟಾರ್ಟರನ್ನು ಬೈಯುವ ಮುಂಚೆ ಮೀಟರ್ ಹಿಡಿದೆ. ಬ್ಯಾಟರಿ ಹಿಂದಿನ ಸೀಟಿನ ಕೆಳಗೆ, ಸ್ಟಾರ್ಟರ್ ಅದರ ಹತ್ತಿರದಲ್ಲೇ, ಆದರೆ ಸೊಲೆನಾಯ್ಡ್ ಕರೆಂಟು ಮಾತ್ರ ಮುಂದೆ ಇಗ್ನಿಷನ್ ಸ್ವಿಚ್‌ವರೆಗೆ ಹೋಗಿ ಅರವತ್ತು ವರ್ಷದ ತಂತಿಯಲ್ಲಿ ವಾಪಸ್ ಬರಬೇಕು. ಕ್ರ್ಯಾಂಕ್ ಮಾಡುವಾಗ ಅಲ್ಲಿಗೆ ತಲುಪುತ್ತಿದ್ದದ್ದು ಎಂಟು ವೋಲ್ಟ್ ಚಿಲ್ಲರೆ. ಸೀಟಿನ ಕೆಳಗೆ ನಾಲ್ಕು ಪಿನ್ನಿನ ಹಾರ್ನ್ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟು ಹಾಯಿಸುವ ಸ್ವಿಚ್) ಒಂದನ್ನು ಕೂರಿಸಿ ಬ್ಯಾಟರಿಯಿಂದ ನೇರ ಲೈನ್ ಕೊಟ್ಟೆ, ಇನ್ನೂರು ರೂಪಾಯಿ ಖರ್ಚು. ರಿಲೇಗೆ ಹೋಗುವ ಲೈನಿನಲ್ಲಿ ಬ್ಯಾಟರಿ ಪಕ್ಕದಲ್ಲೇ ಫ್ಯೂಸ್ ಹಾಕಿ. ಆ ಸೀಟಿನ ಸ್ಪ್ರಿಂಗ್ ಕುಸಿದು ಬ್ಯಾಟರಿ ಟರ್ಮಿನಲ್‌ಗೆ ತಾಗಿ ಬೆಂಕಿ ಹತ್ತಿದ ಬೀಟಲ್‌ಗಳಿವೆ, ಹಾಗಾಗಿ ಬ್ಯಾಟರಿ ಮೇಲೆ ಮುಚ್ಚಳವೂ ಇರಲೇಬೇಕು.