ಇಳುವರಿಯ ಹಂಬಲವನ್ನು ಹದ್ದುಬಸ್ತಿನಲ್ಲಿಟ್ಟ ಬಗೆ: ಮಳೆಯಾಶ್ರಿತ ಶೇಂಗಾ ಬೇಸಾಯದ ನನ್ನ ಅನುಭವ

ಮಳೆಯನ್ನೇ ನಂಬಿ ಶೇಂಗಾ ಬೆಳೆಯುವವನಿಗೆ ಗುರಿ ಎಂಬುದೇ ಇರಬಾರದೆಂದು ಹೇಳುವವರು ನಮ್ಮ ಚಳ್ಳಕೆರೆ ಸೀಮೆಯಲ್ಲಿ ಬಹಳ ಮಂದಿ ಇದ್ದಾರೆ. ಮಳೆ ಬಂದರೆ ಕಾಯಿ, ಬಾರದಿದ್ದರೆ ಬರೀ ಹೊಟ್ಟು ಎಂಬುದು ಅವರ ಲೆಕ್ಕ. ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ನಮ್ಮದೂ ಒಂದಾಗಿರುವುದರಿಂದ ಆ ಮಾತನ್ನು ತಳ್ಳಿಹಾಕುವಂತೆಯೂ ಇಲ್ಲ. ಆದರೂ ಕೊಳವೆಬಾವಿ ಕೊರೆಸದೆ, ಸಾಲಕ್ಕೆ ಸಿಲುಕದೆ, ಈ ಕೆಂಪು ಮಣ್ಣಿನಲ್ಲಿಯೇ ಒಳ್ಳೆಯ ಶೇಂಗಾ ಬೆಳೆಯಬೇಕೆಂಬ ಗುರಿಯನ್ನು ನಾನು ಬಹುಕಾಲದಿಂದ ಇಟ್ಟುಕೊಂಡು ಬಂದಿದ್ದೇನೆ. ಗುರಿಯನ್ನು ಹಾಗೆಯೇ ಉಳಿಸಿಕೊಂಡು ಇಳುವರಿಯ ಮೇಲಿನ ಅಂಟನ್ನು ಕಡಿಮೆ ಮಾಡಿಕೊಳ್ಳಲು ಸಾಧ್ಯವಾದದ್ದು ಬೇಸಾಯದ ಏರ್ಪಾಡನ್ನೇ ಅದಕ್ಕೆ ತಕ್ಕಂತೆ ಹೊಂದಿಸಿಕೊಂಡದ್ದರಿಂದ. ಬರೀ ಮನಸ್ಸು ಗಟ್ಟಿ ಮಾಡಿಕೊಂಡಿದ್ದರೆ ಒಂದು ಬರಗಾಲವನ್ನೂ ಅದು ತಡೆಯುತ್ತಿರಲಿಲ್ಲ ಎಂಬುದು ನನ್ನ ನಂಬಿಕೆ.

ಈ ಬೆಳೆಯ ಸ್ವಭಾವವನ್ನು ಮೊದಲು ಹೇಳಬೇಕು. ಬಿತ್ತಿದ 25–30 ದಿನಗಳಲ್ಲಿ ಹಳದಿ ಹೂವು ಕಾಣಿಸಿಕೊಳ್ಳುತ್ತದೆ; ಹೂವು ಬಾಡಿದ ಮೇಲೆ ಅದರ ಬುಡದಿಂದ ಹೊರಡುವ, ತುದಿಯಲ್ಲಿ ಕಾಯಿ ಕಟ್ಟುವ ಊಡು ಎಂಬ ಕಡ್ಡಿ ಕೆಳಗೆ ಬಾಗಿ ಮಣ್ಣಿಗಿಳಿಯುತ್ತದೆ; ಅಲ್ಲಿಂದ ಮುಂದೆ ಕಾಯಿ ಕಟ್ಟುವುದೂ ಬಲಿಯುವುದೂ ಕಣ್ಣಿಗೆ ಕಾಣದ ಜಾಗದಲ್ಲಿ. ರಾಗಿಯೋ ಜೋಳವೋ ಆದರೆ ತೆನೆ ಎದುರಿಗೇ ಇರುತ್ತದೆ, ಶೇಂಗಾ ಮಾತ್ರ ಎರಡು ತಿಂಗಳಿಗೂ ಹೆಚ್ಚು ಕಾಲ ಗುಟ್ಟು ಬಿಟ್ಟುಕೊಡುವುದಿಲ್ಲ. ಮೇಲೆ ಸೊಂಪಾಗಿ ಹಬ್ಬಿದ ಗಿಡದ ಕೆಳಗೆ ಜೊಳ್ಳು ಇರಬಹುದು. ಸೊರಗಿದಂತಿರುವ ಗಿಡ ಗಟ್ಟಿ ಕಾಯಿ ಹಿಡಿದಿರಬಹುದು. ಅಲ್ಲೊಂದು ಇಲ್ಲೊಂದು ಗಿಡ ಕಿತ್ತು ನೋಡುವ ಆತುರ ಎಲ್ಲರಿಗೂ ಇರುತ್ತದೆ. "ಎಷ್ಟು ಕಿತ್ತು ನೋಡಿದ್ರೂ ಒಂದು ಕಾಯಿನೂ ಹೆಚ್ಚಾಗಲ್ಲ ಕಣಪ್ಪ, ಕಿತ್ತಷ್ಟೂ ಕಮ್ಮಿನೇ" ಎಂದು ನಮ್ಮ ದೊಡ್ಡಪ್ಪ ಹೊಲದ ಬದುವಿನ ಮೇಲೆ ಕೂತು ಹೇಳುತ್ತಿದ್ದರು. ಬೆಳೆ ಬಲಿತಿದೆಯೇ ಎಂದು ತಿಳಿಯಲು ಕಟಾವಿನ ಹೊತ್ತಿಗೆ ಕೆಲವು ಗಿಡ ಕೀಳಲೇಬೇಕು. ಅದಕ್ಕೂ ಮೊದಲು ಕೀಳುವುದರಿಂದ ತೀರುವುದು ನಮ್ಮ ಕಳವಳವಷ್ಟೇ.

ಹೀಗಾಗಿ ನಾನು ಮೊದಲು ಮಾಡಿದ ಕೆಲಸವೆಂದರೆ ಗುರಿಯನ್ನು ಚೀಲಗಳ ಲೆಕ್ಕದಲ್ಲಿ ಹೇಳಿಕೊಳ್ಳುವುದನ್ನು ನಿಲ್ಲಿಸಿದ್ದು. ಎಕರೆಗೆ ಇಷ್ಟು ಚೀಲ ಎನ್ನುವ ಬದಲು ಮಾಗಿ ಉಳುಮೆ ಯಾವಾಗ, ಇಳಿಜಾರಿಗೆ ಅಡ್ಡಲಾಗಿರುವ ಬದುಗಳ ದುರಸ್ತಿ ಯಾವಾಗ ಎಂಬುದೇ ನನ್ನ ಗುರಿಯ ಮಾತಾಯಿತು. ಬಿತ್ತನೆಗೆ ಸ್ವಲ್ಪ ಮುಂಚೆ ಬೀಜ ಸುಲಿದು, ಒಡೆದ ಕಾಳನ್ನು ಬೇರ್ಪಡಿಸಿ, ಕಿಲೋಗೆ 4 ಗ್ರಾಂನಂತೆ ಟ್ರೈಕೋಡರ್ಮಾ ಎಂಬ ರೋಗ ತಡೆಯುವ ಜೈವಿಕ ಪುಡಿ ಸವರಿ ನೆರಳಿನಲ್ಲಿ ಆರಿಸಬೇಕು. ಆರಿದ್ರಾ, ಪುನರ್ವಸು ಮಳೆಗಳಲ್ಲಿ ಹದ ಸಿಕ್ಕ ದಿನ ಕೂರಿಗೆ ಹೂಡಬೇಕು. ಊಡು ಇಳಿಯುವುದರೊಳಗೆ ಕಳೆ ತೆಗೆದು, ಎಡೆ ಹೊಡೆದು, ಎಕರೆಗೆ 200 ಕಿಲೋ ಜಿಪ್ಸಂ ಹಾಕಿ ಮುಗಿಸಬೇಕು. ಶೇಂಗಾ ಕಾಯಿ ತನಗೆ ಬೇಕಾದ ಕ್ಯಾಲ್ಸಿಯಂ ಅನ್ನು ಬೇರಿನ ಮೂಲಕ ಕಾಯದೆ ಸುತ್ತಲಿನ ಮಣ್ಣಿನಿಂದ ನೇರವಾಗಿ ಹೀರುವುದರಿಂದ, ಆ ಸಮಯ ಮೀರಿ ಹಾಕಿದ ಜಿಪ್ಸಂ ಅಷ್ಟು ಉಪಯೋಗಕ್ಕೆ ಬರುವುದಿಲ್ಲ. ಊಡು ಇಳಿದ ಮೇಲೆ ಕುಂಟೆ ಹಾಯಿಸದೆ ಸುಮ್ಮನಿರುವುದೂ ನನ್ನ ಪಟ್ಟಿಯಲ್ಲಿರುವ ಕೆಲಸವೇ, ಅದೂ ಬಹಳ ಕಷ್ಟದ ಕೆಲಸ.

ಇವಿಷ್ಟೂ ನನ್ನ ಕೈಯಲ್ಲಿವೆ. ಕಾಯಿ ತುಂಬುವ ಹೊತ್ತಿಗೆ ಉತ್ತರೆ, ಹಸ್ತ ಮಳೆಗಳು ಬರುವವೋ ಇಲ್ಲವೋ ಎಂಬುದು, ಎಲೆ ತಿನ್ನುವ ಸುರುಳಿ ಪೂಚಿ ಹುಳು ಯಾವ ವರ್ಷ ಎಷ್ಟು ಬೀಳುತ್ತದೆ ಎಂಬುದು, ಚಳ್ಳಕೆರೆ ಮಾರುಕಟ್ಟೆಯಲ್ಲಿ ನಾನು ಗಾಡಿ ನಿಲ್ಲಿಸಿದ ದಿನ ದರ ಏನಿರುತ್ತದೆ ಎಂಬುದು ನನ್ನ ಕೈಯಲ್ಲಿಲ್ಲ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬಯಸುತ್ತೇನೆ. ಒಂದೇ ಬೆಳೆಯ ಮೇಲೆ ಮನೆಯ ಅನ್ನ, ಮಕ್ಕಳ ಫೀಸು, ಸಾಲದ ಕಂತು ಎಲ್ಲವನ್ನೂ ಹೊರಿಸಿದವನಿಗೆ ಫಲದ ಆಸೆ ಬಿಡು ಎಂದು ಉಪದೇಶಿಸುವುದು ಕ್ರೌರ್ಯ. ಅವನು ಬಿಡಲಾರ, ಬಿಡಲೂಬಾರದು. ಆದ್ದರಿಂದ ಅಂಟು ಸಡಿಲವಾಗಬೇಕಾದರೆ ನಷ್ಟಕ್ಕೆ ಮೊದಲೇ ಒಂದು ಎಲ್ಲೆ ಹಾಕಿರಬೇಕು. ನಮ್ಮ ಹಿರಿಯರು ಇದಕ್ಕೆಂದೇ ಅಕ್ಕಡಿ ಸಾಲು ಹಾಕುತ್ತಿದ್ದರು. ನಾನೂ ಶೇಂಗಾದ ನಡುವೆ ತೊಗರಿ, ಅಲಸಂದೆ, ಅಂಚಿಗೆ ಹರಳು (ಔಡಲ) ಹಾಕುತ್ತೇನೆ. ಶೇಂಗಾಕ್ಕೆ ಕೈಕೊಟ್ಟ ಮಳೆ ತಡವಾಗಿ ಬಂದರೂ, ಆಳಕ್ಕೆ ಬೇರು ಬಿಟ್ಟ ತೊಗರಿ ಅದನ್ನು ಹಿಡಿದುಕೊಳ್ಳುತ್ತದೆ. ಕಾಯಿ ಕಟ್ಟದ ವರ್ಷದ ಹೊಟ್ಟು ಕೊಟ್ಟಿಗೆಯ ಕುರಿಗಳಿಗೆ ಮೇವಾಗುತ್ತದೆ. 2016ರ ಮುಂಗಾರಿನಿಂದ ಜಾರಿಯಲ್ಲಿರುವ ಫಸಲ್ ಬಿಮಾ ಯೋಜನೆಯಲ್ಲಿ ಮುಂಗಾರಿನ ಎಣ್ಣೆಕಾಳು ಬೆಳೆಗೆ ರೈತ ಕಟ್ಟಬೇಕಾದದ್ದು ವಿಮಾ ಮೊತ್ತದ ಗರಿಷ್ಠ ಶೇ. 2 ಮಾತ್ರ, ಅದನ್ನು ಕೊನೆಯ ದಿನಕ್ಕೆ ಬಿಡದೆ ಕಟ್ಟುತ್ತೇನೆ. ಇಷ್ಟು ಮಾಡಿದ ಮೇಲೆ ರಾತ್ರಿ ಆಕಾಶ ನೋಡುವ ಕಣ್ಣಿನಲ್ಲಿ ಮೊದಲಿನ ಭಯ ಇರುವುದಿಲ್ಲ. ನಿರ್ಲಿಪ್ತತೆ ಎನ್ನುವುದು ನನಗೆ ದಕ್ಕಿದ್ದು ಈ ದಾರಿಯಲ್ಲಿ.

ನಮ್ಮ ಜಿಲ್ಲೆಯಲ್ಲಿ ವಾಣಿವಿಲಾಸ ಸಾಗರದ ಚರಿತ್ರೆ ತಿಳಿದವರಿಗೆ ಈ ಮಾತು ಹೊಸದಲ್ಲ. ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡಲಾಗಿ ಕಟ್ಟೆ ಕಟ್ಟಿ ಮುಗಿಸಿದ್ದು 1907ರಲ್ಲಿ. ಅದು ತುಂಬಿ ಕೋಡಿ ಹರಿದದ್ದು 1933ರಲ್ಲಿ, ಅದರ ನಂತರದ ಕೋಡಿ 2022ರಲ್ಲಿ. ನಡುವಿನ 89 ವರ್ಷ ಕೋಡಿ ಬೀಳದಿದ್ದರೂ ಹಿರಿಯೂರಿನ ಕಡೆಯ ತೋಟಗಳಿಗೆ ಆ ಕಟ್ಟೆ ನೀರು ಕೊಟ್ಟಿತು. ಕೋಡಿಯನ್ನೇ ಅಳತೆಗೋಲು ಮಾಡಿಕೊಂಡಿದ್ದರೆ ಅದನ್ನು ಕಟ್ಟಿದವರ ಕೆಲಸಕ್ಕೆ ಬೆಲೆಯೇ ಇರುತ್ತಿರಲಿಲ್ಲ.

ನನಗೆ ಎಲ್ಲಕ್ಕಿಂತ ಹೆಚ್ಚು ನೆರವಾದ ಅಭ್ಯಾಸ ಇನ್ನೊಂದಿದೆ. ಗಿಡ ಕೀಳಿಸುವ ಮುನ್ನ, ಅಂದರೆ ಇಳುವರಿ ಎಷ್ಟೆಂದು ಯಾರಿಗೂ ಗೊತ್ತಿಲ್ಲದ ದಿನಗಳಲ್ಲಿ, ನಾನೂ ನನ್ನ ಹೆಂಡತಿಯೂ ಹೊಲದಲ್ಲಿ ತಿರುಗಾಡಿ ಆ ವರ್ಷದ ಕೆಲಸ ಹೇಗಾಯಿತೆಂದು ತೀರ್ಮಾನಿಸಿಬಿಡುತ್ತೇವೆ. ಯಾವ ಬದು ನೀರು ನಿಲ್ಲಿಸಿತು, ಯಾವ ಪಟ್ಟಿಯಲ್ಲಿ ಸಾಲು ದಟ್ಟವಾಯಿತು, ಮುಂದಿನ ವರ್ಷ ಏನು ಮುಂದುವರಿಸಬೇಕು, ಏನು ಬಿಡಬೇಕು ಎಂಬುದನ್ನೆಲ್ಲ ಅಂದೇ ಬರೆದಿಡುತ್ತೇವೆ. ಚೀಲ ಎಣಿಸಿದ ಮೇಲೆ ಈ ವಿಚಾರಕ್ಕೆ ಕೂತರೆ ಚೀಲವೇ ತೀರ್ಪು ಹೇಳುತ್ತದೆ. ಒಳ್ಳೆಯ ಮಳೆಯ ವರ್ಷ ಸಡಿಲ ಕೆಲಸಕ್ಕೂ ಕಣ ತುಂಬುತ್ತದೆ, ಆ ಸಡಿಲವೇ ಪದ್ಧತಿಯಾಗಿ ಉಳಿಯುತ್ತದೆ. ಬರಗಾಲದಲ್ಲಿ ಸರಿಯಾದ ಕೆಲಸವೂ ಸೋತಂತೆ ಕಾಣುತ್ತದೆ, ಅದನ್ನು ಕೈಬಿಡುವ ಮನಸ್ಸಾಗುತ್ತದೆ. ಹಸ್ತ ಮಳೆ ಪೂರ್ತಿ ತಪ್ಪಿದ ಒಂದು ವರ್ಷ ನಮಗೆ ಬೀಜ ಉಳಿದರೆ ಸಾಕೆನ್ನುವಂತಾಗಿತ್ತು. ಆದರೆ ಬದು, ಜಿಪ್ಸಂ, ಅಕ್ಕಡಿ ಮೂರೂ ಸರಿಯಾಗಿದ್ದವೆಂದು ಕಟಾವಿಗೆ ಮೊದಲೇ ಬರೆದಿದ್ದರಿಂದ ಮರುವರ್ಷ ಅವುಗಳಲ್ಲಿ ಒಂದನ್ನೂ ಬದಲಿಸಲಿಲ್ಲ.

ಇದನ್ನು ಕೇಳಿದ ಕೆಲವರು "ಬಂದಷ್ಟು ಬರಲಿ" ಎನ್ನುವುದೂ ಇದೂ ಒಂದೇ ಎಂದುಕೊಳ್ಳುತ್ತಾರೆ. ಹಾಗೆನ್ನುವವರ ಹೊಲದಲ್ಲಿ ಕಳೆ ಮೊಣಕಾಲುದ್ದ ಬೆಳೆದಿರುವುದನ್ನು ನೋಡಿದ್ದೇನೆ. ಕರ್ಮದಲ್ಲಿ ಮಾತ್ರ ನಿನಗೆ ಅಧಿಕಾರ ಎಂಬ ಗೀತೆಯ 2ನೆಯ ಅಧ್ಯಾಯದ 47ನೆಯ ಶ್ಲೋಕದ ಮೊದಲ ಮಾತು ಎಲ್ಲರ ಬಾಯಲ್ಲೂ ಇದೆ. ಕೆಲಸ ಮಾಡದಿರುವುದರಲ್ಲಿ ನಿನಗೆ ಆಸಕ್ತಿ ಬೇಡ ಎಂಬ ಅದರ ಕೊನೆಯ ಪಾದವನ್ನು ನೆನೆಯುವವರು ಕಡಿಮೆ. ನನ್ನ ಮಟ್ಟಿಗೆ ಆ ಕೊನೆಯ ಪಾದವೇ ಮುಖ್ಯ. ಇಳುವರಿಯ ಚಿಂತೆ ತಗ್ಗಿದ ಮೇಲೆ ಹೊಲದಲ್ಲಿ ನನ್ನ ಕೆಲಸ ಹೆಚ್ಚಿದೆ, ಏಕೆಂದರೆ ಮೊದಲು ಚಿಂತೆಗೆ ಹೋಗುತ್ತಿದ್ದ ಹೊತ್ತು ಈಗ ಬದುಗಳಿಗೆ ಸಿಗುತ್ತಿದೆ.

ದರದ ವಿಷಯದಲ್ಲಿ ಮಾತ್ರ ಮನಸ್ಸು ಇನ್ನೂ ಪೂರ್ತಿ ಹದಕ್ಕೆ ಬಂದಿಲ್ಲ. ದರ ಏರಿದ ಸುದ್ದಿ ಬಂದರೆ ಇದ್ದಬದ್ದದ್ದನ್ನೆಲ್ಲ ಗಾಡಿಗೆ ಹೇರುವ ಆಸೆ ಹುಟ್ಟುತ್ತದೆ. ಅದಕ್ಕೆ ಅವಕಾಶ ಕೊಡದಿರಲು, ಕಾಯಿ ಒಣಗಿದ ಕೂಡಲೇ, ಮಾರುಕಟ್ಟೆಯ ದರ ವಿಚಾರಿಸುವುದಕ್ಕೆ ಮೊದಲೇ, ಒಳ್ಳೆಯ ಪಟ್ಟಿಯ ಕಾಯನ್ನು ಎಕರೆಗೆ 65 ಕಿಲೋನಂತೆ ಮುಂದಿನ ಬಿತ್ತನೆಗೆ ಅಳೆದು, ಚೀಲದ ಬಾಯಿ ಹೊಲಿದು, ಒಳಗಿನ ಅಟ್ಟದ ಮೇಲೆ ಇಡುತ್ತೇನೆ. ಆಮೇಲೆ ಗಾಡಿ ಕಟ್ಟಿಸುತ್ತೇನೆ.